ಅತಿ ಹೆಚ್ಚು ತೋರ್ಸಿದ ರೀಡಿಂಗ್ ನಂಬ್ಕೊಂಡು ಲೆಕ್ಕ ಮಾಡ್ಬೇಡಿ
ಕ್ಯಾಲೋರಿಮೆಟ್ರಿ, ಅಂದ್ರೆ ರಿಯಾಕ್ಷನಲ್ಲಿ ಎಷ್ಟು ಉಷ್ಣ ಬರತ್ತೆ ಅಂತ ಅಳೆಯೋ ಪ್ರಾಕ್ಟಿಕಲ್ ಆದ್ಮೇಲೆ ಸ್ಟೂಡೆಂಟ್ಸ್ ರೆಕಾರ್ಡ್ ತೆಗೆದು ನೋಡಿದ್ರೆ ಸುಮಾರು ಜನ ಎರಡೇ ತಾಪಮಾನ ಬರ್ದಿರ್ತಾರೆ, ಮೊದ್ಲು ಇಷ್ಟಿತ್ತು, ಜಾಸ್ತಿ ಅಂದ್ರೆ ಇಷ್ಟಕ್ಕೆ ಏರ್ತು, ಕಳೆದ್ರೆ ಡೆಲ್ಟಾ ಟಿ ಸಿಕ್ತು, ಮುಗೀತು. ಉತ್ತರ ಮಾತ್ರ ಪುಸ್ತಕದಲ್ಲಿ ಇರೋದಕ್ಕಿಂತ ಕಮ್ಮಿ ಬಂದಿರತ್ತೆ. ಗುಣಾಕಾರ ಭಾಗಾಕಾರ ಎಲ್ಲಾ ಸರಿಯಾಗೇ ಇರತ್ತೆ, ಆ ಎರಡನೇ ರೀಡಿಂಗಲ್ಲೇ ಇರೋದು ತೊಂದ್ರೆ.

ನಾವು ಅಳೆಯೋದು ನೀರಿನ ತಾಪಮಾನನ, ಉಷ್ಣನ ಅದರಿಂದ ಲೆಕ್ಕ ಹಾಕಿ ತೆಗೀತೀವಿ, 1 ಗ್ರಾಂ ನೀರು 1 ಡಿಗ್ರಿ ಏರೋಕೆ 4.18 ಜೂಲ್ ಬೇಕು ಅನ್ನೋದೇ ಆಧಾರ. 1 ಮೋಲಾರ್ (ಲೀಟರಿಗೆ 1 ಮೋಲ್, ಮೋಲ್ ಅಂದ್ರೆ ಕಣಗಳನ್ನ ಎಣಿಸೋ ಅಳತೆ) ಹೈಡ್ರೋಕ್ಲೋರಿಕ್ ಆಸಿಡ್ 50 ಎಂಎಲ್, ಅಷ್ಟೇ ಸ್ಟ್ರಾಂಗ್ ಇರೋ ಸೋಡಿಯಂ ಹೈಡ್ರಾಕ್ಸೈಡ್ 50 ಎಂಎಲ್ ಬೆರೆಸಿದ್ರೆ 0.05 ಮೋಲ್ ನೀರು ಆಗತ್ತೆ, ಮೋಲಿಗೆ ಸುಮಾರು 57 ಕಿಲೋಜೂಲ್ ಅಂದ್ರೆ ಹೊರಗೆ ಬರೋದು 2850 ಜೂಲ್, 100 ಗ್ರಾಂ ದ್ರಾವಣ ಇದ್ರಿಂದ ಏರೋದು ಬರೀ 6.8 ಡಿಗ್ರಿ. ಒಂದೊಂದು ಡಿಗ್ರಿಗೆ ಗೆರೆ ಇರೋ ಥರ್ಮಾಮೀಟರಲ್ಲಿ ಅರ್ಧ ಡಿಗ್ರಿ ಆಚೀಚೆ ಓದಿದ್ರೂ ಉತ್ತರ ಶೇಕಡಾ 7ರಷ್ಟು ಹಾಳಾಯ್ತು. ಎರಡನ್ನೂ 100 ಎಂಎಲ್ ತಗೊಂಡ್ರೆ ಜಾಸ್ತಿ ಏರತ್ತೆ ಅಂತ ಕೆಲವರು ಅನ್ಕೋತಾರೆ, ಏರಲ್ಲ, ಉಷ್ಣ ಡಬಲ್ ಆದ್ರೆ ಬಿಸಿ ಆಗ್ಬೇಕಾದ ನೀರೂ ಡಬಲ್ ಆಯ್ತಲ್ಲ.

ನಿಧಾನಕ್ಕೆ ನಡೆಯೋ ರಿಯಾಕ್ಷನಲ್ಲಿ ಆ ಎರಡನೇ ರೀಡಿಂಗಿನ ತೊಂದ್ರೆ ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಥರ್ಮೋಕೋಲ್ ಕಪ್ಪಲ್ಲಿ 0.2 ಮೋಲಾರ್ ಕಾಪರ್ ಸಲ್ಫೇಟ್ 50 ಎಂಎಲ್ ಇಟ್ಟು 1 ಗ್ರಾಂಗಿಂತ ಸ್ವಲ್ಪ ಜಾಸ್ತಿ ಜಿಂಕ್ ಪುಡಿ ಹಾಕಿ ಕಲಕ್ತಾ ಇರಿ, ನೀಲಿ ಬಣ್ಣ ತೆಳುವಾಗ್ತಾ ಹೋಗತ್ತೆ, ತಳದಲ್ಲಿ ಕೆಂಪು ಕಂದು ಕಾಪರ್ ಕೂತ್ಕೊಳತ್ತೆ, ತಾಪಮಾನ ಏರ್ತಾನೇ ಇರತ್ತೆ. ಮೋಲಿಗೆ ಸುಮಾರು 217 ಕಿಲೋಜೂಲ್ ಲೆಕ್ಕದಲ್ಲಿ ಒಂಚೂರೂ ಸೋರದೆ ಇದ್ರೆ 10.4 ಡಿಗ್ರಿ ಏರ್ಬೇಕು, ಆದ್ರೆ ತುದಿ ಮುಟ್ಟೋ ಅಷ್ಟರಲ್ಲೇ ಕಪ್ಪಿನ ಬಾಯಿಂದ ಗೋಡೆಯಿಂದ ಉಷ್ಣ ಹೊರಗೆ ಹೋಗ್ತಾ ಇರತ್ತೆ, ಹಾಗಾಗಿ ಥರ್ಮಾಮೀಟರ್ ಆ 10.4 ತೋರ್ಸೋದೇ ಇಲ್ಲ. ಅದಕ್ಕೇ ಗ್ರಾಫ್ ಬೇಕು. ಪುಡಿ ಹಾಕೋಕೆ ಮುಂಚೆ 3 ನಿಮಿಷ, ಅರ್ಧರ್ಧ ನಿಮಿಷಕ್ಕೆ ರೀಡಿಂಗ್ ಬರ್ಕೊಳ್ಳಿ, 3ನೇ ನಿಮಿಷಕ್ಕೆ ಹಾಕಿ, ಆಮೇಲೆ ತಾಪಮಾನ ಇಳಿಯೋಕೆ ಶುರುವಾದ್ಮೇಲೂ ಬಿಡದೆ ಇನ್ನೊಂದು 5 ನಿಮಿಷ ಬರೀರಿ. ಆ ಇಳಿಯೋ ಗೆರೇನ ಸ್ಕೇಲ್ ಇಟ್ಟು ಹಿಂದಕ್ಕೆ, 3ನೇ ನಿಮಿಷದವರೆಗೂ ಎಳೀರಿ, ಅಲ್ಲಿ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರೋ ಅಂತರಾನೇ ನಿಮ್ಮ ಡೆಲ್ಟಾ ಟಿ. ನನ್ನ ಕೇಳಿದ್ರೆ ದುಬಾರಿ ಥರ್ಮಾಮೀಟರ್ ತರೋಕಿಂತ ಮೊದ್ಲು ಮಾಡ್ಬೇಕಾದ ಕೆಲಸ ಇದು.

ಗ್ರಾಫ್ ಸರಿ ಮಾಡೋದು ಹೊರಗೆ ಸೋರಿದ್ದನ್ನ ಮಾತ್ರ, ಕಪ್ಪು, ಥರ್ಮಾಮೀಟರ್ ತಾವೇ ಕುಡಿದಿದ್ದನ್ನ ಅಲ್ಲ. ಅದಕ್ಕೆ 20 ಡಿಗ್ರಿ ನೀರು 50 ಗ್ರಾಂ ಕಪ್ಪಲ್ಲಿ ಇಟ್ಟು 60 ಡಿಗ್ರಿ ನೀರು 50 ಗ್ರಾಂ ಸುರೀರಿ. 40 ಬರ್ಬೇಕಾಗಿತ್ತು, 39.2 ಬಂತು ಅನ್ಕೊಳ್ಳಿ, ಬಿಸಿನೀರು ಕೊಟ್ಟಿದ್ದು 4347 ಜೂಲ್, ತಣ್ಣೀರಿಗೆ ಸಿಕ್ಕಿದ್ದು 4013, ಮಿಕ್ಕ 334 ಕಪ್ಪಿಗೆ ಹೋಯ್ತು, ಕಪ್ಪೂ 19.2 ಡಿಗ್ರಿ ಏರಿದೆ ಅಂದ್ರೆ ಡಿಗ್ರಿಗೆ 17.4 ಜೂಲ್. ಇದನ್ನ ಮುಂದಿನ ಎಲ್ಲಾ ಲೆಕ್ಕಕ್ಕೂ ಸೇರಿಸ್ಕೊಳ್ಳಿ.

ಬಾಂಬ್ ಕ್ಯಾಲೋರಿಮೀಟರಲ್ಲಿ (ಮುಚ್ಚಿದ ಗಟ್ಟಿ ಪಾತ್ರೆ ಒಳಗೆ ವಸ್ತು ಸುಟ್ಟು ಉಷ್ಣ ಅಳೆಯೋ ಉಪಕರಣ) ಇದೇ ಕೆಲಸನ ಬೆಂಜೋಯಿಕ್ ಆಸಿಡ್ ಮಾಡತ್ತೆ, ಗ್ರಾಂಗೆ 26.43 ಕಿಲೋಜೂಲ್ ಅಂತ ಗೊತ್ತಿರೋ ಪೆಲೆಟ್ಟನ್ನ ಸುಮಾರು 30 ಅಟ್ಮಾಸ್ಫಿಯರ್ ಆಕ್ಸಿಜನಲ್ಲಿ ಸುಟ್ಟು ಇಡೀ ಉಪಕರಣಕ್ಕೆ ಡಿಗ್ರಿಗೆ ಎಷ್ಟು ಬೇಕು ಅಂತ ಕಂಡ್ಕೊಳ್ಳೋದು, ಹೊತ್ತಿಸೋ ತಂತಿ ಉರಿದು ಕೊಟ್ಟ ಉಷ್ಣನೂ ಈ ಲೆಕ್ಕಕ್ಕೆ ಸೇರಿಸ್ಬೇಕು. ಅಲ್ಲಿ ಗಾತ್ರ ಬದಲಾಗಲ್ಲ, ಹಾಗಾಗಿ ಸಿಗೋದು ಎಂಥಾಲ್ಪಿ ಬದಲಾವಣೆ (ಒತ್ತಡ ಬದಲಾಗದೆ ಇದ್ದಾಗಿನ ಉಷ್ಣ) ಅಲ್ಲ, ಆಂತರಿಕ ಶಕ್ತಿಯ ಬದಲಾವಣೆ, ಬೆಂಜೋಯಿಕ್ ಆಸಿಡಲ್ಲಿ ಎರಡಕ್ಕೂ ವ್ಯತ್ಯಾಸ ಮೋಲಿಗೆ ಬರೀ 1.2 ಕಿಲೋಜೂಲ್, ಒಟ್ಟು 3227ರ ಮುಂದೆ ಚಿಕ್ಕದೇ. ಅದಕ್ಕಿಂತ ದೊಡ್ಡ ಎಡವಟ್ಟು ಪೆಲೆಟ್ ಪೂರ್ತಿ ಉರೀದೆ ಇದ್ದಾಗ ಆಗೋದು, ಬಾಂಬ್ ಬಿಚ್ಚಿದಾಗ ಕ್ರುಸಿಬಲ್ (ಪೆಲೆಟ್ ಇಡೋ ಪುಟ್ಟ ಬಟ್ಟಲು) ಒಳಗೆ ಮಸಿ ಕಂಡ್ರೆ ಆ ರನ್ ಲೆಕ್ಕಕ್ಕೆ ತಗೋಬೇಡಿ, ಇನ್ನೊಂದು ಪೆಲೆಟ್ ತೂಗಿ.