ಡಿಸ್ಕ್ ಇಲ್ಲದ ಕನ್ಸೋಲ್ ತೋಟದ ಮನೆಗೆ ಆಗುತ್ತದೆಯೇ?

ಪ್ರಶ್ನೆ: ನಮ್ಮ ಮನೆ ನಾಪೋಕ್ಲು ಹತ್ತಿರದ ಕಾಫಿ ತೋಟದಲ್ಲಿದೆ. ಮಗನಿಗೆ ಪಿಎಸ್5 (ಟಿವಿಗೆ ಜೋಡಿಸಿ ಆಡುವ ಸೋನಿ ಕಂಪನಿಯ ಆಟದ ಯಂತ್ರ, ಅಂದರೆ ಕನ್ಸೋಲ್) ಕೊಡಿಸುವ ಯೋಚನೆ ಇದೆ. ಡಿಸ್ಕ್ ಹಾಕುವ ಜಾಗವಿಲ್ಲದ ಡಿಜಿಟಲ್ ಮಾದರಿ ಅಗ್ಗ. ಈಗ ಎಲ್ಲರೂ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತಾರಂತೆ. ಅಗ್ಗದ್ದನ್ನೇ ಕೊಳ್ಳಬಹುದೇ?

ಬೇಡ, ಡಿಸ್ಕ್ ಹಾಕುವ ಮಾದರಿಯನ್ನೇ ತನ್ನಿ. ಮಡಿಕೇರಿ ಪೇಟೆಯಲ್ಲಿ ಒಳ್ಳೆಯ ಫೈಬರ್ ಸಂಪರ್ಕ ಇರುವವರು ಕೇಳಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ನೀವು ತೋಟದ ಮನೆ ಎಂದಿದ್ದೀರಿ.

ಈಗಿನ ಅನೇಕ ದೊಡ್ಡ ಆಟಗಳು 100 ಜಿಬಿ ದಾಟುತ್ತವೆ. ಅಷ್ಟನ್ನು ಇಳಿಸಿಕೊಳ್ಳಲು 40 ಎಂಬಿಪಿಎಸ್ ವೇಗದಲ್ಲಿ ಐದೂವರೆ ಗಂಟೆ ಬೇಕು. 10 ಎಂಬಿಪಿಎಸ್ ಆದರೆ 22 ಗಂಟೆ. ಜುಲೈ ತಿಂಗಳಲ್ಲಿ ನಮ್ಮ ಕಡೆ 22 ಗಂಟೆ ಒಂದೇ ಸಮನೆ ಕರೆಂಟು ಇರುತ್ತದೆ ಎಂದು ಯಾರು ನಂಬುತ್ತಾರೆ? ಸಿಲ್ವರ್ ಓಕ್ ಮರದ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಆ ದಿನ ಮುಗಿಯಿತು. ನಿಂತುಹೋದ ಡೌನ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ, ಅದು ನಿಜ. ಆದರೂ ಕಳೆದ ಮಳೆಗಾಲದಲ್ಲಿ ನಾನು ಒಂದು ಆಟವನ್ನು ಇಳಿಸಲು ಶುರು ಮಾಡಿದ್ದು ಸೋಮವಾರ, ಆಡಲು ಕುಳಿತದ್ದು ಶನಿವಾರ ರಾತ್ರಿ. ಹೊರಗೆ ಮಳೆ ಸುರಿಯುವಾಗ, 63 ಪರ್ಸೆಂಟ್‌ನಲ್ಲಿ ನಿಂತ ನೀಲಿ ಗೆರೆಯನ್ನು ದಿನಗಟ್ಟಲೆ ನೋಡುತ್ತಾ ಕೂರುವುದು ದೊಡ್ಡವರಿಗೇ ಕಷ್ಟ, ಮಕ್ಕಳಿಗಂತೂ ಹೇಳುವುದೇ ಬೇಡ.

ಡಿಸ್ಕ್ ಹಾಕಿದರೂ ಆಟ ಕನ್ಸೋಲಿನ ಒಳಗಿನ ಸಂಗ್ರಹಕ್ಕೆ (ಎಸ್‌ಎಸ್‌ಡಿ) ಪ್ರತಿಯಾಗಲೇಬೇಕು, ಆಡುವಷ್ಟು ಹೊತ್ತೂ ಡಿಸ್ಕ್ ಒಳಗೇ ಇರಬೇಕು. ಆದರೆ ಆ ಪ್ರತಿ ಮಾಡುವ ಕೆಲಸಕ್ಕೆ ಇಂಟರ್ನೆಟ್ ಬೇಡ. ತಿದ್ದುಪಡಿಯ ಅಪ್‌ಡೇಟುಗಳನ್ನು ಕರೆಂಟು ಬಂದಾಗ ನಿಧಾನವಾಗಿ ಇಳಿಸಿಕೊಳ್ಳಬಹುದು.

ಬೆಲೆಯ ವಿಷಯ. 2024ರ ಏಪ್ರಿಲ್‌ನಲ್ಲಿ ಪಿಎಸ್5ರ ತೆಳು ಮಾದರಿಯಾದ ಪಿಎಸ್5 ಸ್ಲಿಮ್ ಭಾರತಕ್ಕೆ ಬಂದಾಗ ಡಿಸ್ಕ್ ಮಾದರಿಗೆ 54,990 ರೂಪಾಯಿ, ಡಿಜಿಟಲ್‌ಗೆ 44,990 ರೂಪಾಯಿ ಇತ್ತು. ಹತ್ತು ಸಾವಿರದ ವ್ಯತ್ಯಾಸ ದೊಡ್ಡದೇ. ಆದರೆ ಹೊಸ ದೊಡ್ಡ ಆಟ ಒಂದಕ್ಕೇ ಸಾವಿರಾರು ರೂಪಾಯಿ ಕೊಡುತ್ತೇವೆ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಬದಲಾಯಿಸಿಕೊಳ್ಳಬಹುದು. ಗೋಣಿಕೊಪ್ಪದ ನಮ್ಮ ಗೆಳೆಯರ ಮೂರು ಮನೆಗಳಲ್ಲಿ ಆಸ್ಟ್ರೋ ಬಾಟ್ ಆಟದ ಒಂದೇ ಡಿಸ್ಕ್ ಸುತ್ತುತ್ತಿದೆ, ಮೂರು ಮನೆಯ ಮಕ್ಕಳೂ ಅದನ್ನು ಮುಗಿಸಿದ್ದಾರೆ. ಡಿಜಿಟಲ್ ಆಟ ಹೀಗೆ ಕೈ ಬದಲಾಯಿಸುವುದಿಲ್ಲ.

ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೆ. ಡಿಸ್ಕ್ ಜಾಗವನ್ನೇ ತೆಗೆದುಹಾಕುವ ಕಡೆಗೆ ಇಡೀ ಉದ್ಯಮ ನಡೆಯುತ್ತಿದೆ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ. ಅದು ಅಗ್ಗದ ಮಾದರಿ ಎಂದು ಸುಮ್ಮನಾದೆವು. 2024ರ ನವೆಂಬರ್‌ನಲ್ಲಿ ಹೊರದೇಶಗಳಲ್ಲಿ ಬಂದ ಪಿಎಸ್5 ಪ್ರೋ ಅತಿ ದುಬಾರಿ ಮಾದರಿ, ಅದರಲ್ಲೂ ಡ್ರೈವ್ ಇಲ್ಲ, ಬೇರೆಯಾಗಿ ಕೊಂಡು ಜೋಡಿಸಬೇಕು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಕನ್ಸೋಲಿಗೆ ಡಿಸ್ಕಿನ ಬದಲು ಹಾಕುವ ಕೆಲವು ಕಾರ್ಡುಗಳಲ್ಲಿ ಆಟವೇ ಇಲ್ಲ, ಬರೀ ಕೀಲಿ, ಆಟವನ್ನು ಇಳಿಸಿಕೊಳ್ಳಬೇಕು. 2022ರ ಕಾಲ್ ಆಫ್ ಡ್ಯೂಟಿ ಆಟದ ಪಿಎಸ್5 ಡಿಸ್ಕಿನಲ್ಲಿ 100 ಎಂಬಿಯಷ್ಟೂ ಇರಲಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲೆ ಡೌನ್‌ಲೋಡ್ ಕಡ್ಡಾಯ ಎಂದು ಬರೆದಿದೆಯೇ ನೋಡಿ. ವೇಗದ ಇಂಟರ್ನೆಟ್ ಎಲ್ಲರ ಮನೆಯಲ್ಲೂ ಇದೆ ಎಂದುಕೊಂಡು ಮಾಡುವ ಈ ಯಂತ್ರಗಳಲ್ಲಿ ನಮ್ಮಂಥ ಊರುಗಳಿಗೆ ಜಾಗ ಕಡಿಮೆಯಾಗುತ್ತಿದೆ, ಇದು ಅನ್ಯಾಯ. ಆದರೆ ಡಿಸ್ಕ್ ಇದ್ದ ಮಾತ್ರಕ್ಕೆ ಆಟ ಶಾಶ್ವತವೂ ಅಲ್ಲ. ದಿ ಕ್ರೂ ಎಂಬ ಕಾರು ಆಟದ ಸರ್ವರ್‌ಗಳನ್ನು (ಆಟವನ್ನು ಇಂಟರ್ನೆಟ್ ಮೂಲಕ ನಡೆಸುವ ಕಂಪನಿಯ ಕಂಪ್ಯೂಟರ್‌ಗಳನ್ನು) 2024ರ ಮಾರ್ಚ್ 31ರಂದು ಮುಚ್ಚಿದಾಗ ಡಿಸ್ಕ್ ಕೊಂಡವರ ಆಟವೂ ನಿಂತಿತು. ಒಬ್ಬರೇ ಆಡುವ, ಸರ್ವರ್ ಬೇಡದ ಆಟಗಳನ್ನು ಆರಿಸಿ.

ಸ್ಲಿಮ್ ತಂದ ದಿನ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಅದರ ಡಿಸ್ಕ್ ಡ್ರೈವ್ ಕಳಚಿ ಜೋಡಿಸುವಂಥದ್ದು, ಮೊದಲ ಸಲ ಕನ್ಸೋಲಿಗೆ ಹೊಂದಿಸಲು ಒಮ್ಮೆ ಇಂಟರ್ನೆಟ್ ಬೇಕು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಇಲ್ಲವಾದರೆ ಕರೆಂಟು ಹೋದ ಕ್ಷಣದ ತಡವರಿಕೆಗೆ ಕನ್ಸೋಲ್ ಆರಿಹೋಗಬಹುದು. ಆಡುವಾಗ ಪಿಎಸ್5 ಸುಮಾರು 200 ವಾಟ್ ಎಳೆಯುತ್ತದೆ, ಟಿವಿಯದ್ದು ಬೇರೆ. ಮನೆಯ ದೀಪಗಳಿಗೂ ಬ್ಯಾಟರಿ ಉಳಿಯಬೇಕಲ್ಲ.

ಇನ್ನು ತೇವ. ಆಗಸ್ಟ್‌ನಲ್ಲಿ ಒಮ್ಮೆ ಕಪಾಟು ತೆರೆದಾಗ ಡಿಸ್ಕಿನ ಹೊಳೆಯುವ ಬದಿಯಲ್ಲಿ ಬೂದಿ ಎರಚಿದಂತೆ ಬಿಳಿ ಚುಕ್ಕೆಗಳಿದ್ದವು, ಬೂಷ್ಟು. ಮೆತ್ತನೆಯ ಒಣಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದೆ, ಡಿಸ್ಕ್ ಉಳಿಯಿತು. ಬಟ್ಟೆ ಒಣಗಿಸುವಂತೆ ಒಲೆಯ ಮೇಲಿನ ಅಟ್ಟದಲ್ಲಿ ಡಿಸ್ಕ್ ಇಡಬೇಡಿ, ಶಾಖಕ್ಕೆ ಅದು ಬಾಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಮೇ ತಿಂಗಳಲ್ಲೇ ಎರಡು ಡಿಸ್ಕ್ ತಂದು, ಅಪ್‌ಡೇಟ್ ಮುಗಿಸಿ ಇಟ್ಟುಕೊಂಡರೆ ನಿಮ್ಮ ಮಗನ ಮಳೆಗಾಲದ ರಜೆಗಳಿಗೆ ಸಾಕು.