ಆಲ್ಬಮ್‌ನ ಬೆನ್ನು: ಹಿಂಬದಿ ಕವರ್ ವಿನ್ಯಾಸ ಕಲಿಯುವವರಿಗೆ ಟಿಪ್ಪಣಿ

ಆಳಂದ ತಾಲ್ಲೂಕಿನ ಒಂದು ಭಜನಾ ಮಂಡಳಿ ಹತ್ತು ತತ್ವಪದಗಳನ್ನು ಹಾಡಿ ಸಿ.ಡಿ. ಮಾಡಿಸಿತು. ಕವರ್ ಮಾಡುವ ಕೆಲಸ ಕಲಬುರಗಿಯಲ್ಲಿ ಡಿಟಿಪಿ ಕಲಿಯುತ್ತಿದ್ದ ನನಗೆ ಬಂತು. ಮುಂಬದಿಗೆ ಎಂಟು ದಿನ ಕೊಟ್ಟೆ, ಹಿಂಬದಿಗೆ ಒಂದು ಸಂಜೆ. ಪ್ರೂಫ್ ತೋರಿಸಿದಾಗ ಮಂಡಳಿಯ ಹಿರಿಯ ಹಾಡುಗಾರರು ಮುಂಬದಿಯನ್ನು ಒಮ್ಮೆ ನೋಡಿ ಮಗುಚಿದರು. ಕನ್ನಡಕ ಏರಿಸಿಕೊಂಡು ಹಿಂಬದಿಯನ್ನು ಹತ್ತು ನಿಮಿಷ ಓದಿದರು.

‘ತಮ್ಮಾ, ದಮ್ಮಡಿ ಬಾರಿಸಿದವನ ಹೆಸರು ಎಲ್ಲಿದೆ?’

‘ಇಲ್ಲೇ ಇದೆ, ಮುತ್ಯಾ’ ಎಂದು ಬೆರಳಿಟ್ಟು ತೋರಿಸಿದೆ. ಕಡುಗಂದು ಹಿನ್ನೆಲೆಯ ಮೇಲೆ ಆರು ಪಾಯಿಂಟಿನ, ಅಂದರೆ ಸುಮಾರು ಎರಡು ಮಿ.ಮೀ. ಗಾತ್ರದ ಕಪ್ಪು ಅಕ್ಷರ.

‘ಸಿ.ಡಿ. ಕೊಂಡವರ ಮನೆಮನೆಗೂ ಹೋಗಿ ಹೀಗೆ ಬೆರಳಿಟ್ಟು ತೋರಿಸುತ್ತೀಯೇನು?’

ಮುಂಬದಿಯನ್ನು ಜನ ನೋಡುತ್ತಾರೆ, ಹಿಂಬದಿಯನ್ನು ಓದುತ್ತಾರೆ ಎಂಬುದು ಆವತ್ತು ತಲೆಗೆ ಹೋಯಿತು. ಹಿಂಬದಿಯನ್ನು ಚಿತ್ರದಿಂದ ಶುರು ಮಾಡಬಾರದು, ಸಾಲುಗಳನ್ನು ಎಣಿಸಿ ಶುರು ಮಾಡಬೇಕು. ಕನ್ನಡದಲ್ಲಿ ಎಷ್ಟು ಸಾಲು ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಒತ್ತಕ್ಷರ.

ಅಳತೆ

ಗಟ್ಟಿ ಪ್ಲಾಸ್ಟಿಕ್ ಸಿ.ಡಿ. ಡಬ್ಬಿಯ ಹಿಂಬದಿ ಕಾಗದ ಬಿಡಿಸಿಟ್ಟಾಗ 151 ಮಿ.ಮೀ. ಅಗಲ, 118 ಮಿ.ಮೀ. ಎತ್ತರ ಇರುತ್ತದೆ. ಎರಡೂ ಅಂಚಿನಲ್ಲಿ ಸುಮಾರು 6.5 ಮಿ.ಮೀ. ಮಡಿಚಿ ಬೆನ್ನುಪಟ್ಟಿಯಾಗುತ್ತದೆ. ಉಳಿಯುವುದು 138 ಮಿ.ಮೀ. ಅಗಲ. ಕತ್ತರಿಸುವ ಯಂತ್ರ ಕೂದಲೆಳೆಯಷ್ಟು ಸರಿದರೂ ಬಿಳಿ ಅಂಚು ಕಾಣದಿರಲು ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಹಿನ್ನೆಲೆ) ಬಿಡಿ, ಫೈಲು 157 × 124 ಆಗುತ್ತದೆ. ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ.

ಕಪಾಟಿನಲ್ಲಿ ನಿಲ್ಲಿಸಿದ ಸಿ.ಡಿ.ಯಲ್ಲಿ ಕಾಣುವುದು ಬೆನ್ನುಪಟ್ಟಿ ಮಾತ್ರ. ಎರಡೂ ಪಟ್ಟಿಗಳಲ್ಲಿ ಅಕ್ಷರಗಳ ತಲೆಕಟ್ಟು ಹೊರ ಅಂಚಿನ ಕಡೆಗಿರಬೇಕು. ಪರದೆಯ ಮೇಲೆ ಒಂದು ಪಟ್ಟಿ ತಲೆಕೆಳಗಾಗಿ ಬರೆದಂತೆ ಕಾಣುತ್ತದೆ. ಅದನ್ನು ‘ಸರಿಪಡಿಸಲು’ ಹೋಗಬೇಡಿ. ಒಂದು ಹಾಳೆ ಮುದ್ರಿಸಿ, ಮಡಿಚಿ, ಖಾಲಿ ಡಬ್ಬಿಯೊಳಗೆ ಕೂರಿಸಿ ನೋಡಿ.

ಎಲ್‌ಪಿ ಗ್ರಾಮಫೋನ್ ತಟ್ಟೆಗಳ ಕಾಲದವರಿಗೆ ಈ ಕಷ್ಟ ಇರಲಿಲ್ಲ. ಹನ್ನೆರಡು ಇಂಚಿನ ತಟ್ಟೆಯ ಹೊದಿಕೆ ಸುಮಾರು 31 ಸೆಂ.ಮೀ. ಚೌಕ. ಸಿ.ಡಿ.ಯ ಹಿಂಬದಿಗಿಂತ ಸುಮಾರು ಆರು ಪಟ್ಟು ಜಾಗ. ಗಾಯಕರ ಗುರುಪರಂಪರೆ, ರಾಗದ ವಿವರಣೆ ಎಲ್ಲವೂ ಅದರಲ್ಲಿ ಹಿಡಿಯುತ್ತಿತ್ತು.

ಸಾಲುಗಳ ಲೆಕ್ಕ

118ರಲ್ಲಿ ಮೇಲೆ ಕೆಳಗೆ ಆರಾರು ಮಿ.ಮೀ. ಅಂಚು ಬಿಟ್ಟರೆ 106. ಬಾರ್‌ಕೋಡ್ ಮತ್ತು ಹಕ್ಕಿನ ವಿವರಕ್ಕೆ ಕೆಳಗೆ 26 ಮಿ.ಮೀ. ಎತ್ತಿಟ್ಟರೆ ಉಳಿದದ್ದು 80. ಒಂಬತ್ತು ಪಾಯಿಂಟಿನ ಇಂಗ್ಲಿಷ್ ಅಕ್ಷರಕ್ಕೆ ಹನ್ನೊಂದು ಪಾಯಿಂಟಿನ ಸಾಲಿನ ಅಂತರ ಸಾಕಾಗುತ್ತದೆ. ಅದೇ ಅಂತರವನ್ನು ಕನ್ನಡಕ್ಕೆ ಕೊಟ್ಟು ‘ತತ್ತ್ವ’ ಎಂದು ಬರೆದು ನೋಡಿ. ತಕಾರದ ಕೆಳಗೆ ಒಂದು ಒತ್ತು, ಅದರ ಜೊತೆಗೆ ಇನ್ನೊಂದು. ಕೆಳಗಿನ ಸಾಲಿನಲ್ಲಿ ನೇರ ಅದರಡಿ ‘ಕೀ’ ಅಥವಾ ‘ಹಿ’ ಬಂದರೆ ಒತ್ತಿನ ಬಾಲಕ್ಕೆ ಗುಡಿಸು ಢಿಕ್ಕಿ ಹೊಡೆಯುತ್ತದೆ. ನನ್ನ ಕಣ್ಣಿಗೆ ಹಿಡಿಸಿದ್ದು ಒಂಬತ್ತು ಪಾಯಿಂಟಿಗೆ ಹದಿನೈದರ ಅಂತರ, ಅಂದರೆ ಸುಮಾರು 5.3 ಮಿ.ಮೀ. ಈ ಲೆಕ್ಕದಲ್ಲಿ 80 ಮಿ.ಮೀ.ನಲ್ಲಿ ಹದಿನೈದೇ ಸಾಲು.

ಹತ್ತು ಹಾಡುಗಳಿಗೆ ತಲಾ ಎರಡು ಸಾಲು, ಒಂದು ಹೆಸರಿಗೆ, ಒಂದು ರಚನಕಾರರಿಗೆ ಎಂದುಕೊಂಡಿದ್ದೆ. ಅಲ್ಲಿಗೆ ಇಪ್ಪತ್ತು! ಅಕ್ಷರ ಕುಗ್ಗಿಸುವುದು ಸೋಮಾರಿಯ ದಾರಿ. ಆರು ಪಾಯಿಂಟಿನ ಪಾಠ ಆಗಲೇ ಆಗಿತ್ತು. ಹಾಡಿನ ಹೆಸರನ್ನು ಎಡಕ್ಕೆ, ರಚನಕಾರರನ್ನು ನಡುವೆ, ಅವಧಿಯನ್ನು ಬಲಕ್ಕೆ ಇಟ್ಟು ಒಂದೇ ಸಾಲಿಗೆ ತಂದೆ. ಹತ್ತು ಸಾಲಿಗೆ 53 ಮಿ.ಮೀ. ಹೋಯಿತು. ಉಳಿದ 27ರಲ್ಲಿ ಎಂಟೂವರೆ ಪಾಯಿಂಟಿನ ಐದು ಸಾಲು: ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ, ಧ್ವನಿಮುದ್ರಣ. ಹಿಂಬದಿಗೆಂದು ತೆಗೆದಿದ್ದ ಗುಂಪು ಫೋಟೊ ಒಳಪುಸ್ತಿಕೆಗೆ ಹೋಯಿತು.

‘ತತ್ತ್ವಪದ’ ಎಂದೇ ಇರಲಿ ಎಂದು ನಾನು ಹಟ ಹಿಡಿದಿದ್ದೆ. ಮಂಡಳಿಯವರು ‘ತತ್ವಪದ’ ಸಾಕು, ನಮ್ಮ ಪುಸ್ತಕಗಳಲ್ಲಿ ಹಾಗೇ ಇದೆ ಎಂದರು. ವ್ಯಾಕರಣದಲ್ಲಿ ಸೋತೆ, ಒಂದು ಒತ್ತು ಉಳಿಯಿತು.

ಸಾಫ್ಟ್‌ವೇರ್ ಕಾಟದ ಬಗ್ಗೆ ಎರಡೇ ಮಾತು. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಅಕ್ಷರ ಜೋಡಣೆಯನ್ನು ‘ವರ್ಲ್ಡ್ ರೆಡಿ’ಗೆ ಬದಲಿಸದಿದ್ದರೆ ಒತ್ತು ಕೂಡದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಹಳೆಯ ನುಡಿ ಫಾಂಟಿನ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆಯಾಗುತ್ತದೆ. ಕೋರೆಲ್ ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಕಿಲ್ಲದ ಗೆರೆಚಿತ್ರಕ್ಕೆ) ಬದಲಿಸಿ ಪ್ರೆಸ್ಸಿಗೆ ಕಳುಹಿಸಿ. ತಿದ್ದಲು ಬರುವ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ.

ಕಪ್ಪಿನ ಮೇಲೆ ಬಿಳಿ

ಬೀದರಿನ ಗೆಳೆಯನೊಬ್ಬ ತನ್ನ ಆಲ್ಬಮ್‌ಗೆ ಬಿದರಿ ಹೂಜಿಯಂಥ ಹಿಂಬದಿ ಬೇಕೆಂದ. ಕಡುಕಪ್ಪು, ಅದರ ಮೇಲೆ ಬೆಳ್ಳಿಯಂಥ ಸಣ್ಣ ಅಕ್ಷರ. ಪರದೆಯಲ್ಲಿ ಅದ್ಭುತ. ಅಚ್ಚಾಗಿ ಬಂದಾಗ ಅರ್ಧ ಅಕ್ಷರಗಳ ಹೊಟ್ಟೆ ತುಂಬಿಕೊಂಡಿತ್ತು. ‘ಪ’ ಯಾವುದು, ‘ಷ’ ಯಾವುದು ತಿಳಿಯುತ್ತಿರಲಿಲ್ಲ.

ಬಿದರಿಯಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರು ಲೋಹವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ. ಅಲ್ಲಿ ಬೆಳ್ಳಿ ಎಂಬುದು ಇಟ್ಟ ವಸ್ತು. ಸಾಮಾನ್ಯ ನಾಲ್ಕು ಬಣ್ಣದ ಅಚ್ಚಿನಲ್ಲಿ ಬಿಳಿ ಎಂಬ ಶಾಯಿಯೇ ಇಲ್ಲ, ಶಾಯಿ ಬೀಳದೆ ಉಳಿದ ಕಾಗದವೇ ಬಿಳಿ. ನಾಲ್ಕು ಬಣ್ಣ ಬೆರೆಸಿ ಕಡುಕಪ್ಪು ಮಾಡಿದರೆ ಬಣ್ಣಕ್ಕೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳೂ ಆ ಸಣ್ಣ ಖಾಲಿ ಜಾಗವನ್ನು ಒಂದೇ ಕಡೆ ಬಿಡಬೇಕು. ಒಂದು ಪ್ಲೇಟ್ ಚೂರು ಸರಿದರೂ ಅದರ ಬಣ್ಣ ಅಕ್ಷರದೊಳಗೆ ನುಗ್ಗುತ್ತದೆ. ಹಾಗಾಗಿ ಸಣ್ಣ ಬಿಳಿ ಅಕ್ಷರಗಳ ಹಿಂದೆ ಕಪ್ಪು ಶಾಯಿಯೊಂದೇ ಇರಲಿ, ಅಕ್ಷರ ಒಂದು ಹಂತ ದಪ್ಪಗಿರಲಿ. ಗೆಳೆಯ ಕೊನೆಗೆ ಬಿದರಿ ಬಳ್ಳಿಯನ್ನು ಮೇಲಂಚಿಗೆ ಸರಿಸಿ, ಹೆಸರುಗಳನ್ನು ಕೆನೆಬಣ್ಣದ ಮೇಲೆ ಕಪ್ಪಿನಲ್ಲಿ ಹಾಕಿಸಿದ.

ಕಾನೂನು ಕೇಳುವ ಸಾಲುಗಳು

ಇವು ಅಲಂಕಾರವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಮಿನ ಪ್ರಕಾರ ಧ್ವನಿಮುದ್ರಣದ ಮೇಲೂ ಅದರ ಡಬ್ಬಿಯ ಮೇಲೂ ಮೂರು ವಿವರ ಇರಲೇಬೇಕು: ಧ್ವನಿಮುದ್ರಣ ಮಾಡಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ. ವೃತ್ತದೊಳಗಿನ ‘ಸಿ’ ಸಾಹಿತ್ಯ, ವಿನ್ಯಾಸ, ಚಿತ್ರಗಳ ಹಕ್ಕಿಗೆ. ವೃತ್ತದೊಳಗಿನ ‘ಪಿ’ ಧ್ವನಿಮುದ್ರಣದ ಹಕ್ಕಿಗೆ. ಹಲವು ಕನ್ನಡ ಫಾಂಟುಗಳಲ್ಲಿ ಈ ‘ಪಿ’ ಇರುವುದಿಲ್ಲ, ಖಾಲಿ ಚೌಕ ಬಂದು ಕೂರುತ್ತದೆ.

‘ಕಡಕೋಳ ಮಡಿವಾಳಪ್ಪನವರ ಪದಕ್ಕೆ ಹಕ್ಕು ಯಾರದು?’ ಎಂದು ಮಂಡಳಿಯವರು ಕೇಳಿದ್ದರು. ಸಾಹಿತ್ಯದ ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಮಾತ್ರ, ಹಿಂದಿನ ಕಾಲದ ಈ ತತ್ವಪದಕಾರರ ಪದಗಳಿಗೆ ಅದು ಯಾವತ್ತೋ ಮುಗಿದಿದೆ. ಆದರೆ ಮಂಡಳಿ ಈಗ ಮಾಡಿಸಿದ ಧ್ವನಿಮುದ್ರಣಕ್ಕೆ ತನ್ನದೇ ಹಕ್ಕು ಇದೆ. ಹಕ್ಕು ಮುಗಿದರೂ ರಚನಕಾರರ ಹೆಸರು ಬಿಡಬಾರದು. ಹೆಸರು ಗೊತ್ತಿದ್ದೂ ‘ಸಾಂಪ್ರದಾಯಿಕ’ ಎಂದು ಬರೆದು ಕೈತೊಳೆದುಕೊಳ್ಳುವುದು ನನಗಂತೂ ಸರಿಕಾಣುವುದಿಲ್ಲ.

ಬಾರ್‌ಕೋಡ್ ಅಂಗಡಿಗಳಿಗೆ ಬೇಕು. ಜಾತ್ರೆಯಲ್ಲಿ ಮಾರುವುದಾದರೆ ಬೇಡ. ಹಾಕುವುದಾದರೆ ಹದಿಮೂರು ಅಂಕಿಯ ಬಾರ್‌ಕೋಡಿನ ಮೂಲ ಗಾತ್ರ 37.29 × 25.93 ಮಿ.ಮೀ., ಶೇ. 80ರವರೆಗೆ ಕುಗ್ಗಿಸಬಹುದು. ಎರಡೂ ಬದಿ ಖಾಲಿ ಬಿಡಿ. ಕೆಂಪು ಗೆರೆ ಬೇಡವೇ ಬೇಡ, ಯಂತ್ರದ ಕೆಂಪು ಬೆಳಕಿಗೆ ಅದು ಕಾಣುವುದಿಲ್ಲ.

ಅಚ್ಚಿಗೆ ಮುನ್ನ

ಹಾಡುಗಳ ಕ್ರಮವನ್ನು ಅಂತಿಮ ಸಿ.ಡಿ. ಹಾಕಿಕೊಂಡು ಕೇಳುತ್ತಲೇ ತಾಳೆ ನೋಡಿ. ನಮ್ಮಲ್ಲಿ ಕೊನೆಯ ಗಳಿಗೆಯಲ್ಲಿ ಆರನೆಯದು ಏಳನೆಯದಾಗಿತ್ತು, ಸ್ಟುಡಿಯೋದಿಂದ ಯಾರೂ ಹೇಳಿರಲಿಲ್ಲ. ಆಮೇಲೆ ಪ್ರೂಫ್ ಹಾಳೆಯಲ್ಲಿ ಪ್ರತಿಯೊಬ್ಬ ಕಲಾವಿದರೂ ತಮ್ಮ ಹೆಸರಿನ ಪಕ್ಕದಲ್ಲಿ ಸಹಿ ಮಾಡಲಿ ಎಂದೆ. ದಮ್ಮಡಿ ಬಾರಿಸುವವರಿಗೆ ಓದು ಬಾರದು, ಏಳನೇ ತರಗತಿಯ ಮೊಮ್ಮಗಳ ಕೈಗೆ ಹಾಳೆ ಕೊಟ್ಟರು. ಅವಳು ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ‘ಅಣ್ಣಾ, ನಮ್ಮ ಮುತ್ಯಾನ ಹೆಸರಿನಲ್ಲಿ ಒಂದು ಒತ್ತು ಬಿಟ್ಟಿದ್ದೀರಿ’ ಎಂದು ಪೆನ್ಸಿಲಿನಿಂದ ತಾನೇ ಬರೆದಳು.