ಕ್ಯಾಟಲಿಸ್ಟ್ ಕೆಂಪಗೆ ಹೊಳೆಯುತ್ತಿಲ್ಲ, ಕೆಟ್ಟುಹೋಯಿತಾ?

ಪ್ರಶ್ನೆ: ನಮ್ಮ ಸೌದೆ ಒಲೆಯಲ್ಲಿ ಹೊಗೆಯನ್ನು ಸುಡುವ ಕ್ಯಾಟಲಿಸ್ಟ್ ಇದೆ. ಹೊಗೆಯನ್ನು ನೇರ ಚಿಮಣಿಗೆ ಬಿಡುವ ಬೈಪಾಸ್ ಬಾಗಿಲನ್ನು ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ಅದು ಚೆನ್ನಾಗಿ ಕೆಂಪಗಿರುತ್ತದೆ. ಆಮೇಲೆ ಕಪ್ಪಾಗುತ್ತದೆ. ಅದು ಸತ್ತಿದೆ, ಬೇರೆ ಹಾಕಿಸಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಹೊಸದು ತರಿಸಲಾ?

ಉತ್ತರ: ತರಿಸಬೇಡಿ. ನೂರಾರು ಡಾಲರ್ ಉಳಿಯಿತು. ಬೇಕಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಆದರೆ ದಯವಿಟ್ಟು ನಿಲ್ಲಿಸಬೇಡಿ, ಯಾಕೆಂದರೆ ಮುಂದಿನ ಚಳಿಗಾಲಕ್ಕೂ ಇದೇ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತು.

ಅಕ್ಟೋಬರ್ ಬಂತೆಂದರೆ ಶುರು. ಅಮೆರಿಕದ ವರ್ಮಾಂಟ್, ಮೇಯ್ನ್, ಮಿನೆಸೋಟ ಕಡೆ ಹಳೇ ಮನೆ ಕೊಂಡ ನಮ್ಮವರಿಗೆ ಮನೆಯ ಜೊತೆ ಇಂಥದ್ದೊಂದು ಒಲೆ ಸಿಕ್ಕಿರುತ್ತದೆ, ಅದರ ಕೈಪಿಡಿ ಮಾತ್ರ ಸಿಕ್ಕಿರುವುದಿಲ್ಲ. ಬೆಂಕಿ ಹಚ್ಚುವುದನ್ನು ನಿಮಗೆ ಕಲಿಸಬೇಕಾಗಿಲ್ಲ. ಆದರೆ ಈ ಒಲೆಯಲ್ಲಿ ಬೆಂಕಿಯದು ಅರ್ಧ ಕೆಲಸ. ಉಳಿದರ್ಧ ನಡೆಯುವುದು ಹೊಗೆಯಲ್ಲಿ.

ಹೊಗೆಯೂ ಉರುವಲೇ. ಅದು ತಾನಾಗಿ ಹೊತ್ತಿಕೊಳ್ಳಲು ಸುಮಾರು 1,100 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ರಾತ್ರಿಯಿಡೀ ನಿಧಾನಕ್ಕೆ ಉರಿಯಲಿ ಅಂತ ಗಾಳಿ ಕಡಿಮೆ ಮಾಡಿದ ಒಲೆಯಲ್ಲಿ ಅಷ್ಟು ಕಾವು ಎಲ್ಲಿಂದ ಬರಬೇಕು? ಅದಕ್ಕೇ ಹೊಗೆಯ ದಾರಿಯಲ್ಲಿ ಸಣ್ಣ ಸಣ್ಣ ತೂತುಗಳಿರುವ ಪಿಂಗಾಣಿಯ ಅಥವಾ ಸ್ಟೀಲಿನ ಗಟ್ಟಿಯೊಂದನ್ನು ಇಟ್ಟಿರುತ್ತಾರೆ. ಮೇಲೆ ಪಲ್ಲಾಡಿಯಂ, ಪ್ಲಾಟಿನಂ ಲೇಪ. ಇದೇ ಕ್ಯಾಟಲಿಸ್ಟ್. ಅದರ ಮೈಗೆ ತಾಗಿದ ಹೊಗೆ 500 ಡಿಗ್ರಿ ಆಸುಪಾಸಿನಲ್ಲೇ, ಅಂದರೆ ಸುಮಾರು 260 ಸೆಲ್ಸಿಯಸ್‌ನಲ್ಲೇ ಉರಿಯತೊಡಗುತ್ತದೆ. ಇಷ್ಟೇ ಗುಟ್ಟು.

ಈಗ ಆ ಹೊಳಪಿನ ವಿಷಯ.

ಯಾವುದೇ ಗಟ್ಟಿ ವಸ್ತು ಕಣ್ಣಿಗೆ ಕಾಣುವಷ್ಟು ಕೆಂಪಾಗಲು ಸುಮಾರು 977 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 525 ಸೆಲ್ಸಿಯಸ್ ಮುಟ್ಟಬೇಕು. ಕಬ್ಬಿಣವಾದರೂ ಅಷ್ಟೇ, ಪಿಂಗಾಣಿಯಾದರೂ ಅಷ್ಟೇ. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದ ಜಾನ್ ವಿಲಿಯಂ ಡ್ರೇಪರ್ 1847ರಲ್ಲೇ ಇದನ್ನು ಅಳೆದು ಬರೆದಿಟ್ಟಿದ್ದಾರೆ. ಈಗ ಎರಡು ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಯಾಟಲಿಸ್ಟ್ ಕೆಲಸ ಶುರು ಮಾಡುವುದು 500ಕ್ಕೆ. ಹೊಳೆಯುವುದು 977 ದಾಟಿದ ಮೇಲೆ. ನಡುವೆ ನಾಲ್ಕುನೂರಕ್ಕೂ ಜಾಸ್ತಿ ಡಿಗ್ರಿ ಅಂತರ. ಅಷ್ಟುದ್ದಕ್ಕೂ ಅದು ಕಪ್ಪಗೇ ಇದ್ದು ಹೊಗೆಯನ್ನು ಸುಡುತ್ತಿರುತ್ತದೆ. ದೋಸೆ ಹುಯ್ಯುವಾಗ ಕಾವಲಿ ಕೆಂಪಗಾಗಲಿ ಅಂತ ಯಾರಾದರೂ ಕಾಯುತ್ತಾರಾ?

ಹಾಗಾದರೆ ಮೊದಲು ಕೆಂಪಗಿದ್ದು ಆಮೇಲೆ ಕಪ್ಪಾಗುವುದೇಕೆ? ಸೌದೆ ಹಾಕಿದ ಹೊಸದರಲ್ಲಿ ಅದರಿಂದ ಆವಿ, ಅನಿಲ ಜೋರಾಗಿ ಬಿಡುಗಡೆಯಾಗುತ್ತವೆ. ಕ್ಯಾಟಲಿಸ್ಟಿಗೆ ಹೊಟ್ಟೆ ತುಂಬಾ ಊಟ. ಕಾವು 1,400ರವರೆಗೂ ಏರಬಹುದು. ಗಂಟೆಗಳು ಕಳೆದಂತೆ ಸೌದೆ ಕೆಂಡವಾಗುತ್ತದೆ. ಕೆಂಡದಿಂದ ಹೊಗೆ ಬರುವುದು ಬಹಳ ಕಡಿಮೆ. ಸುಡಲು ಹೊಗೆಯೇ ಇಲ್ಲದಿದ್ದರೆ ಕಾವು ಇಳಿಯದೆ ಇನ್ನೇನು ಮಾಡುತ್ತದೆ? ಅದು ಸತ್ತಿಲ್ಲ, ಅದಕ್ಕೆ ಕೆಲಸ ಕಡಿಮೆಯಾಗಿದೆ. ಗಾಳಿ ಕಡಿಮೆ ಮಾಡಿ ಸಣ್ಣಗೆ ಉರಿಸಿದಾಗಲೂ ಹೀಗೇ: ಹೊಗೆ ಸುಡುತ್ತಿರುತ್ತದೆ, ಹೊಳಪು ಇರುವುದಿಲ್ಲ. ಇನ್ನು ಹಗಲು ಬೆಳಕಿನಲ್ಲಿ ನೋಡಿ ಏನೂ ಕಾಣಲಿಲ್ಲ ಅನ್ನುವವರಿಗೆ ನಾನು ಏನು ಹೇಳಲಿ. ದೀಪ ಆರಿಸಿ ನೋಡಿ ಸ್ವಾಮಿ.

ಇಷ್ಟು ಕೋಪ ಯಾಕೆಂದರೆ, ಈ ನಂಬಿಕೆಯಿಂದ ಚೆನ್ನಾಗಿರುವ ಕ್ಯಾಟಲಿಸ್ಟುಗಳು ನಿಜಕ್ಕೂ ಹಾಳಾಗುತ್ತವೆ. ಹೊಳಪು ಬರಲಿ ಅಂತ ಗಾಳಿಯನ್ನು ಪೂರ್ತಿ ಬಿಡುತ್ತಾರೆ. ಬೆಂಕಿಯ ನಾಲಿಗೆ ನೇರ ಹೋಗಿ ಕ್ಯಾಟಲಿಸ್ಟನ್ನು ನೆಕ್ಕುತ್ತದೆ. ಆಗ ಕೆಂಪಗೇನೋ ಹೊಳೆಯುತ್ತದೆ, ನಿಜ. ಆದರೆ ಅದು ಕ್ಯಾಟಲಿಸ್ಟಿನ ಕೆಲಸವಲ್ಲ, ಬೆಂಕಿಯ ಕಾವು. ಲೇಪ ಪೂರ್ತಿ ಸವೆದ ಪಿಂಗಾಣಿಯೂ ಹಾಗೇ ಹೊಳೆಯುತ್ತದೆ. ಕಾವು 1,700–1,800 ಡಿಗ್ರಿ ಮುಟ್ಟಿದರೆ ಇರುವ ಲೇಪವೂ ಹಾಳು. ಅಂದರೆ ಹೊಳಪು ಇಲ್ಲದಿದ್ದರೆ ಕೆಟ್ಟಿದೆ ಅಂತಲೂ ಅಲ್ಲ, ಇದ್ದರೆ ಚೆನ್ನಾಗಿದೆ ಅಂತಲೂ ಅಲ್ಲ. ಅಮೆರಿಕದಲ್ಲಿ ಒಲೆಗೆ ಪ್ರಮಾಣಪತ್ರ ಕೊಡುವಾಗ ಹೊಳಪನ್ನು ಯಾರೂ ಅಳೆಯುವುದಿಲ್ಲ. ಗಂಟೆಗೆ ಎಷ್ಟು ಗ್ರಾಂ ಹೊಗೆಯ ಕಣ ಹೊರಗೆ ಬಂತು ಅನ್ನುವುದನ್ನು ಅಳೆಯುತ್ತಾರೆ. 1988ರ ನಿಯಮದಲ್ಲೂ ಲೆಕ್ಕ ಗ್ರಾಮಿನಲ್ಲೇ ಇತ್ತು, 2020ರಲ್ಲಿ ಬಿಗಿಯಾದ ಮೇಲೂ ಗ್ರಾಮಿನಲ್ಲೇ ಇದೆ.

ನೀವೂ ಅದನ್ನೇ ಮಾಡಿ. ಜಾಕೆಟ್ ಹಾಕಿಕೊಂಡು ಹೊರಗೆ ಹೋಗಿ ಚಿಮಣಿ ನೋಡಿ. ಬೈಪಾಸ್ ಮುಚ್ಚಿ ಅರ್ಧ ಗಂಟೆಯಾದ ಮೇಲೆ ಏನೂ ಕಾಣದಿದ್ದರೆ ಎಲ್ಲ ಸರಿಯಿದೆ. ಬೆಳ್ಳಗೆ ಬಂದು ಸ್ವಲ್ಪ ದೂರದಲ್ಲೇ ಕರಗಿಹೋದರೆ ಅದು ನೀರಾವಿ, ಚಳಿಯಲ್ಲಿ ಸಹಜ. ನೀಲಿ ಅಥವಾ ಬೂದು ಬಣ್ಣದ್ದು ಕರಗದೆ ದೂರದವರೆಗೂ ಎಳೆದುಕೊಂಡು ಹೋದರೆ, ಮೂಗಿಗೂ ಘಾಟು ಬಡಿದರೆ, ಅದು ಹೊಗೆ. ಆಗ ಯೋಚಿಸಬೇಕು.

ಆಗಲೂ ಮೊದಲ ಅನುಮಾನ ಸೌದೆಯ ಮೇಲಿರಲಿ. ಒಂದು ತುಂಡನ್ನು ಸೀಳಿ, ಸೀಳಿದ ಹೊಸ ಮುಖಕ್ಕೆ ತೇವಮಾಪಕ ಚುಚ್ಚಿ. 20 ಪರ್ಸೆಂಟಿಗಿಂತ ಜಾಸ್ತಿ ತೋರಿಸಿದರೆ ಕ್ಯಾಟಲಿಸ್ಟನ್ನು ಬಯ್ಯಬೇಡಿ. ‘ಒಣಗಿದ್ದು’ ಅಂತ ಮಾರುವ ಓಕ್ ಎಷ್ಟೋ ಸಲ ಒಣಗಿರುವುದಿಲ್ಲ, ಅದಕ್ಕೆ ಸೀಳಿದ ಮೇಲೆ ಎರಡು ವರ್ಷ ಬೇಕು. ಕಾದ ಪಿಂಗಾಣಿಗೆ ಹಸಿ ಸೌದೆಯ ಆವಿ ಒಮ್ಮೆಲೇ ಬಡಿದರೆ ಬಿರುಕು ಬಿಡುವುದೂ ಉಂಟು.

ಎರಡನೆಯ ಅನುಮಾನ ಬೂದಿಯ ಮೇಲೆ. ಒಲೆ ಪೂರ್ತಿ ತಣ್ಣಗಾದ ಮೇಲೆ ಮೆತ್ತನೆ ಬ್ರಷ್‌ನಿಂದ ತೂತುಗಳ ಮುಖ ಸವರಿ. ತಂತಿ ಹಾಕಿ ಕೆರೆಯಬೇಡಿ, ಲೇಪ ಕಿತ್ತು ಬರುತ್ತದೆ. ಇದರಿಂದಲೂ ಸರಿಹೋಗದಿದ್ದರೆ ತಯಾರಕರು ಒಪ್ಪುವ ವಿನೆಗರ್ ಸ್ನಾನವೊಂದಿದೆ: ಬಿಳಿ ವಿನೆಗರ್, ಡಿಸ್ಟಿಲ್ಡ್ ನೀರು ಸಮಸಮ ಹಾಕಿ ಕುದಿಸಿ, ಅದರಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಕುದಿಸಿ, ಚೆನ್ನಾಗಿ ಒಣಗಿಸಿ ಕೂರಿಸುವುದು. ಸುತ್ತಲಿನ ಗ್ಯಾಸ್ಕೆಟ್ ಹೊಸದೇ ಹಾಕಬೇಕು. ನಿಮ್ಮ ಒಲೆಯ ಕೈಪಿಡಿಯನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ನೋಡಿಯೇ ಇದಕ್ಕೆ ಕೈ ಹಾಕಿ.

ಒಣ ಸೌದೆ ಇದೆ, ಬೂದಿಯಿಲ್ಲ, ಆದರೂ ಬೈಪಾಸ್ ಮುಚ್ಚಿದ ಮೇಲೆ ಕ್ಯಾಟಲಿಸ್ಟಿನ ಕಾವು ತೋರಿಸುವ ಥರ್ಮಾಮೀಟರಿನ ಮುಳ್ಳು ಏರುವುದೇ ಇಲ್ಲ, ಚಿಮಣಿ ಹೊಗೆ ಕಾರುತ್ತಲೇ ಇದೆ. ಆಗ ಹೊಸದು ತರಿಸಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್, ಬಣ್ಣದ ಜಾಹೀರಾತು ಕಾಗದ ಹಾಕಿ ಉರಿಸಿದವರಿಗೆ ಆ ದಿನ ಬೇಗ ಬರುತ್ತದೆ. ಸೀಸ, ಸತು, ಗಂಧಕ ಇವೆಲ್ಲ ಆ ಲೇಪಕ್ಕೆ ವಿಷ. ಮುಳ್ಳು ‘ಆಕ್ಟಿವ್’ ಮುಟ್ಟುವ ಮುಂಚೆ ಬೈಪಾಸ್ ಮುಚ್ಚಬೇಡಿ, ಬಾಗಿಲು ತೆಗೆಯುವ ಮುಂಚೆ ಬೈಪಾಸ್ ತೆರೆಯಿರಿ, ವರ್ಷಕ್ಕೊಮ್ಮೆ ಚಿಮಣಿ ನೋಡಿಸಿ. ಇಷ್ಟು ಪಾಲಿಸಿದರೆ ಕೆಲವು ಚಳಿಗಾಲ ನಿಶ್ಚಿಂತೆ.

ಯಾರೂ ನೇರವಾಗಿ ಕೇಳದಿದ್ದರೂ ಹಲವರ ಮನಸ್ಸಿನಲ್ಲಿ ಸುಳಿಯುವ ಇನ್ನೊಂದು ಮಾತಿದೆ. ಇಂಥದ್ದೊಂದನ್ನು ಊರಿನ ಬಚ್ಚಲೊಲೆಗೆ ಕೂರಿಸಿದರೆ ಅಮ್ಮನಿಗೆ ಹೊಗೆ ಕಾಟ ತಪ್ಪುತ್ತದೆ ಅಲ್ವಾ?

ತಪ್ಪುವುದಿಲ್ಲ. ಬಚ್ಚಲೊಲೆಯ ಬಾಯಿ ಸದಾ ತೆರೆದಿರುತ್ತದೆ. ತಣ್ಣನೆ ಗಾಳಿ ಬೇಕಾಬಿಟ್ಟಿ ನುಗ್ಗಿ ಹೊಗೆಯನ್ನು ತಣ್ಣಗೆ ಮಾಡುತ್ತದೆ. ಮೇಲಿರುವ ಹಂಡೆಯ ನೀರು ಉಳಿದ ಕಾವನ್ನೂ ಎಳೆದುಕೊಳ್ಳುತ್ತದೆ, ಅದರ ಕೆಲಸವೇ ಅದು. ಕ್ಯಾಟಲಿಸ್ಟಿಗೆ 500 ಡಿಗ್ರಿ ಸಿಗುವುದು ಕಷ್ಟ. ಜೊತೆಗೆ ನಾವು ಹಾಕುವುದು ತೆಂಗಿನ ಗರಿ, ಮಟ್ಟೆ, ಅಡಿಕೆ ಸೋಗೆ. ಬೂದಿ ವಿಪರೀತ, ತೆಂಗಿನದರಲ್ಲಿ ಕ್ಲೋರಿನ್ ಕೂಡ ಇದೆ. ತೂತುಗಳು ಬೇಗ ಕಟ್ಟಿಕೊಂಡು ಹೊಗೆ ವಾಪಸ್ ಬಚ್ಚಲಿಗೇ ಬರುತ್ತದೆ.

ನಮ್ಮಲ್ಲಿ ಈ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಗೆಹರಿಸಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ರೂಪಿಸಿದ ಅಸ್ತ್ರ ಒಲೆ ಹಲವರಿಗೆ ನೆನಪಿರಬಹುದು. ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಚಿಮಣಿ. ಪ್ಲಾಟಿನಂ ಇಲ್ಲ, ಪಲ್ಲಾಡಿಯಂ ಇಲ್ಲ. ನಿಮ್ಮ ಬಚ್ಚಲೊಲೆಗೂ ಸರಳಿನ ಜಾಲರಿ, ಸೂರಿಗಿಂತ ಎತ್ತರದ ಚಿಮಣಿ ಹಾಕಿಸಿ, ಸೌದೆಯನ್ನು ಮಳೆಗೆ ಮುಂಚೆ ಒಳಗೆ ಪೇರಿಸಿಡಿ. ಹಳೇ ಕ್ಯಾಟಲಿಸ್ಟಿಗೆ ಅಂತ ಸೂಟ್‌ಕೇಸಿನಲ್ಲಿ ಬಿಟ್ಟ ಜಾಗದಲ್ಲಿ ಅಮ್ಮನಿಗೆ ಒಂದು ಒಳ್ಳೆ ಸ್ವೆಟರ್ ತಗೊಂಡು ಹೋಗಿ.